ಥೈರಾಯ್ಡ್ ಗಂಟಿನಲ್ಲಿ ರಕ್ತದ ಹರಿವು ಜಾಸ್ತಿ ಅಂದರೆ ಕ್ಯಾನ್ಸರಾ?

ಉಡುಪಿಯಲ್ಲಿ ಅಮ್ಮನಿಗೆ ಮಾಡಿಸಿದ ಡಾಪ್ಲರ್ ಸ್ಕ್ಯಾನಿನಲ್ಲಿ (ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್) ಗಂಟಿನೊಳಗೆ ರಕ್ತದ ಹರಿವು ಜಾಸ್ತಿ ಅಂತ ಬಂದಿದೆ, ಇದು ಕ್ಯಾನ್ಸರಾ ಎಂದು ಕೇಳಿದ್ದೀರಿ. ಆ ಒಂದು ಸಾಲಿನಿಂದ ಹಾಗೆ ಹೇಳಲು ಬರುವುದಿಲ್ಲ. ದಯವಿಟ್ಟು ಈಗಲೇ ಹೆದರಬೇಡಿ.

ಥೈರಾಯ್ಡ್‌ಗೆ ಮೊದಲೇ ರಕ್ತದ ಪೂರೈಕೆ ಜಾಸ್ತಿ. ಅದರಲ್ಲಿ ಗಂಟು ಬೆಳೆಯಬೇಕಾದರೆ ಇನ್ನಷ್ಟು ಆಮ್ಲಜನಕ ಬೇಕಲ್ವಾ? ಒಂದೆರಡು ಮಿಲಿಮೀಟರ್ ದಾಟಿದರೆ ಒಳಗಿನ ಜೀವಕೋಶಗಳಿಗೆ ಅದು ಸಾಲುವುದಿಲ್ಲ. ಆಗ ಅವು ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತವೆ. ಅದು ತಲುಪಿದ ಕಡೆ ಹಳೆಯ ರಕ್ತನಾಳದಿಂದ ಹೊಸ ಕವಲು ಚಿಗುರುತ್ತದೆ. ಗಡ್ಡೆಗಳು ಹೀಗೇ ಬೆಳೆಯುತ್ತವೆ ಎಂದು ಅಮೆರಿಕದ ಸರ್ಜನ್ ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು.

ಆದರೆ ಕ್ಯಾನ್ಸರ್ ಅಲ್ಲದ ಗಂಟಿನಲ್ಲೂ ಹರಿವು ಹೆಚ್ಚಿರುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆಯಲ್ಲಂತೂ ಇಡೀ ಗ್ರಂಥಿಯಲ್ಲೇ ಹೆಚ್ಚುತ್ತದೆ. ಅದಕ್ಕೇ ಅಮೆರಿಕದ ರೇಡಿಯಾಲಜಿ ವೈದ್ಯರು 2017ರಲ್ಲಿ ತಂದ, ಗಂಟಿನ ಮೇಲೆ ಕ್ಯಾನ್ಸರ್ ಅನುಮಾನ ಎಷ್ಟು ಎಂದು ಅಂಕ ಕೊಟ್ಟು ಅಳೆಯುವ ಟೈರಾಡ್ಸ್ ಪದ್ಧತಿಯಲ್ಲಿ ರಕ್ತದ ಹರಿವಿಗೆ ಅಂಕವೇ ಇಲ್ಲ. ಗಂಟು ಗಟ್ಟಿಯೋ ನೀರು ತುಂಬಿದ್ದೋ, ಎಷ್ಟು ಕಪ್ಪಾಗಿ ಕಾಣುತ್ತದೆ, ಆಕಾರ, ಅಂಚು, ಒಳಗಿನ ಬಿಳಿ ಚುಕ್ಕೆಗಳು: ಇವನ್ನೇ ನೋಡುತ್ತಾರೆ.

ರಿಪೋರ್ಟಿನಲ್ಲಿ ಟೈರಾಡ್ಸ್ ಎಷ್ಟು, ಗಂಟಿನ ಅಳತೆ ಎಷ್ಟು ಎಂದು ನೋಡಿ. ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಬೇಕಾ ಎಂಬುದು ಅವುಗಳ ಮೇಲೇ ನಿಂತಿದೆ. ಮಣಿಪಾಲ ನಿಮಗೆ ಹತ್ತಿರವೇ ಇದೆ. ಎಂಡೋಕ್ರೈನಾಲಜಿ (ಹಾರ್ಮೋನ್ ಕಾಯಿಲೆಗಳ) ಡಾಕ್ಟರಿಗೆ ಒಮ್ಮೆ ತೋರಿಸಿ.

ವಾಟ್ಸಾಪಿನಲ್ಲಿ ಬಂದ ಲೆನ್ವಾಟಿನಿಬ್ ಮಾತ್ರೆಯ ಬಗ್ಗೆಯೂ ಕೇಳಿದ್ದೀರಿ. ಅದು ವಿಇಜಿಎಫ್ ಸಂಕೇತವನ್ನು ತಡೆಯುತ್ತದೆ, ನಿಜ. ಆದರೆ ಥೈರಾಯ್ಡ್ ವಿಷಯದಲ್ಲಿ ಅದನ್ನು ಕೊಡುವುದು ರೇಡಿಯೋ ಅಯೋಡಿನ್ (ವಿಕಿರಣ ಸೂಸುವ ಅಯೋಡಿನ್) ಚಿಕಿತ್ಸೆಗೆ ಬಗ್ಗದೆ ಮುಂದುವರಿದ ಕ್ಯಾನ್ಸರಿಗೆ. ಬಿಪಿ ಕೂಡ ಏರಿಸುತ್ತದೆ. ಸುಮ್ನೆ ಅದರ ಹಿಂದೆ ಬೀಳಬೇಡಿ.