ತೂತು ಬಿದ್ದ ಹೃದಯನಾಳ, ಹೊದಿಕೆಯ ಸ್ಟೆಂಟ್: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ಅಪ್ಪನಿಗೆ 64 ವರ್ಷ. ಆಂಜಿಯೋಪ್ಲಾಸ್ಟಿ ನಡೆಯುವಾಗ ನಾಳ ತೂತು ಬಿದ್ದು, 'ಕವರ್ಡ್ ಸ್ಟೆಂಟ್' ಹಾಕಿ ಉಳಿಸಿದರಂತೆ. ಈಗ ಮನೆಯಲ್ಲಿದ್ದಾರೆ. ಇದು ಎಷ್ಟು ವರ್ಷ ಬಾಳಿಕೆ ಬರುತ್ತದೆ? ಮತ್ತೆ ಗದ್ದೆ ಕೆಲಸ ಮಾಡಬಹುದೇ?
– ಓದುಗರು, ಗಂಗಾವತಿ

ಮಾಮೂಲಿ ಸ್ಟೆಂಟ್ ಲೋಹದ ಜಾಳಿಗೆ. ಅದರ ಕಣ್ಣುಗಳಿಂದ ರಕ್ತ ಸಲೀಸಾಗಿ ಹೊರಹೋಗುತ್ತದೆ. ಆದ್ದರಿಂದ ತೂತಿನ ಮೇಲೆ ಅದನ್ನು ಕೂರಿಸಿ ಪ್ರಯೋಜನವಿಲ್ಲ. ಕವರ್ಡ್ ಸ್ಟೆಂಟಿಗೆ ಹೊದಿಕೆ ಇರುತ್ತದೆ. ಹಳೆಯ ಗ್ರಾಫ್ಟ್‌ಮಾಸ್ಟರ್‌ನಲ್ಲಿ ಎರಡು ಸ್ಟೀಲ್ ಸ್ಟೆಂಟುಗಳ ನಡುವೆ ಪಿಟಿಎಫ್‌ಇ ಎಂಬ ಪ್ಲಾಸ್ಟಿಕ್ ಪದರ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೆದ ಪಿಕೆ ಪಪೈರಸ್‌ನಲ್ಲಿ ಒಂದೇ ಕೋಬಾಲ್ಟ್-ಕ್ರೋಮಿಯಂ ಸ್ಟೆಂಟ್, ಮೇಲೆ ಸುಮಾರು 90 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಹೊದಿಕೆ.

ಲೋಹ ಸವೆಯುವುದಿಲ್ಲ, ಹಾಗಾಗಿ ವರ್ಷಗಳ ಲೆಕ್ಕ ಹಾಕಬೇಡಿ. ಗಮನ ಇಡಬೇಕಾದದ್ದು ಎರಡರ ಮೇಲೆ: ಒಳಗೆ ರಕ್ತ ಹೆಪ್ಪುಗಟ್ಟುವುದು, ಮತ್ತು ಸ್ಟೆಂಟಿನ ಎರಡು ತುದಿಗಳಲ್ಲಿ ನಾಳ ಮತ್ತೆ ಕಿರಿದಾಗುವುದು. ಮಾಮೂಲಿ ಸ್ಟೆಂಟಿನಲ್ಲಿ ನಾಳದ ಒಳಪೊರೆ ತಂತಿಗಳ ನಡುವಿಂದಲೇ ಬೆಳೆದು ಲೋಹವನ್ನು ಮುಚ್ಚುತ್ತದೆ. ಇಲ್ಲಿ ಹೊದಿಕೆ ಅಡ್ಡ ಇರುವುದರಿಂದ ಪೊರೆ ಎರಡು ಅಂಚಿನಿಂದ ಮಾತ್ರ ತೆವಳಿಕೊಂಡು ಬರಬೇಕು, ತಿಂಗಳುಗಳೇ ಹಿಡಿಯುತ್ತವೆ. ಸಾಲದ್ದಕ್ಕೆ, ನಾಳ ಮತ್ತೆ ಕಿರಿದಾಗದಂತೆ ತಡೆಯುವ ಔಷಧಿಯ ಲೇಪವೂ ಈ ಸ್ಟೆಂಟುಗಳಿಗಿಲ್ಲ. ಅದಕ್ಕೇ ಆಸ್ಪಿರಿನ್ 75 ಮಿ.ಗ್ರಾಂ. ಜತೆಗೆ ಕ್ಲೊಪಿಡೋಗ್ರೆಲ್ 75 ಮಿ.ಗ್ರಾಂ. ಅಥವಾ ಟಿಕಾಗ್ರೆಲಾರ್ 90 ಮಿ.ಗ್ರಾಂ. ದಿನಕ್ಕೆರಡು ಸಲ, ಹೀಗೆ ಎರಡು ಬಗೆಯ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ 1 ವರ್ಷ ಕೊಡುತ್ತಾರೆ, ಕೆಲವರಿಗೆ ಇನ್ನೂ ಹೆಚ್ಚು. ಗವಿಸಿದ್ದೇಶ್ವರನ ಜಾತ್ರೆಗೆ ಹೊರಟರೂ ಮಾತ್ರೆಯ ಪಟ್ಟಿ ಜೇಬಿನಲ್ಲಿರಲಿ.

ಡಿಸ್ಚಾರ್ಜ್ ಕಾರ್ಡ್ ತೆಗೆದು ನೋಡಿ. 'ಸ್ಟೆಂಟ್ ಹಾಕಿದೆ' ಎಂದಷ್ಟೇ ಬರೆದಿದ್ದರೆ ಸಾಲದು. ಯಾವ ನಾಳ, ಸ್ಟೆಂಟಿನ ಹೆಸರು, ಅಗಲ-ಉದ್ದ ಎಷ್ಟು ಮಿ.ಮೀ., ಹೊದಿಕೆಯಡಿ ಯಾವುದಾದರೂ ಕವಲು ಮುಚ್ಚಿತೇ, ಕೊನೆಯ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್ ಎಷ್ಟು – ಇಷ್ಟನ್ನೂ ಬರೆಸಿಕೊಳ್ಳಿ. ಕವಲು ಮುಚ್ಚಿದ್ದರೆ ಆ ಭಾಗದ ಸ್ನಾಯುವಿಗೆ ಸಣ್ಣ ಹೃದಯಾಘಾತ ಆಗಿರಬಹುದು. ಮುಂದಿನ ಔಷಧಿ ಅದನ್ನೇ ಅವಲಂಬಿಸುತ್ತದೆ. ನಿಧಾನ ನಡಿಗೆ ಈಗಲೇ ಆಗಬಹುದು. ಭತ್ತದ ಚೀಲ ಎತ್ತುವುದು, ಕೆಸರುಗದ್ದೆಯ ಕೆಲಸ ಇವೆಲ್ಲ ಮರುತಪಾಸಣೆಯ ಎಕೋ ನೋಡಿ ವೈದ್ಯರು ಹೂಂ ಎಂದ ಮೇಲೆ.

ಪ್ರಶ್ನೆ: ನಮ್ಮ ಕ್ಯಾಥ್ ಲ್ಯಾಬ್‌ನಲ್ಲಿ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಕವರ್ಡ್ ಸ್ಟೆಂಟ್ ಯಾವ ಅಳತೆಯವು ಇರಬೇಕು? ನಾಳ ಒಡೆದ ಕ್ಷಣ ಯಾವುದು ಮೊದಲು?
– ಕ್ಯಾಥ್ ಲ್ಯಾಬ್ ತಂತ್ರಜ್ಞೆ, ಬಳ್ಳಾರಿ

ಮೊದಲು ಬಲೂನ್, ಆಮೇಲೆ ಸ್ಟೆಂಟ್. ಕಪಾಟಿಗೆ ಓಡುವ ಮುನ್ನ ನಾಳದಷ್ಟೇ ಅಗಲದ ಬಲೂನನ್ನು ತೂತಿನ ಜಾಗದಲ್ಲಿ, ಸೋರಿಕೆ ನಿಲ್ಲುವಷ್ಟು ಕಡಿಮೆ ಒತ್ತಡದಲ್ಲಿ ಉಬ್ಬಿಸಬೇಕು. ಸಾಮಾನ್ಯವಾಗಿ 2ರಿಂದ 6 ಎಟ್ಮಾಸ್ಫಿಯರ್ ಸಾಕು. ರೋಗಿ ತಡೆದುಕೊಂಡರೆ 5–10 ನಿಮಿಷ ಹಿಡಿಯಿರಿ. ಎಷ್ಟೋ ಸೋರಿಕೆ ಅಲ್ಲಿಗೇ ನಿಲ್ಲುತ್ತದೆ. ಬಲೂನ್, ಸ್ಟೆಂಟಿಗೆ ದಾರಿಯಾಗುವ ತೆಳು ತಂತಿ, ಅಂದರೆ ವೈರ್, ಮಾತ್ರ ಯಾವ ಕಾರಣಕ್ಕೂ ಹೊರಬರಬಾರದು. ದಾರಿ ತಪ್ಪಿದರೆ ಸ್ಟೆಂಟ್ ಒಯ್ಯುವುದು ಹೇಗೆ?

ಉಬ್ಬಿಸಿದ ಬಲೂನ್ ಮತ್ತು ಕವರ್ಡ್ ಸ್ಟೆಂಟ್ ಎರಡೂ ಒಂದೇ 6 ಫ್ರೆಂಚ್ ಗೈಡ್‌ನಲ್ಲಿ ಹಿಡಿಯುವುದಿಲ್ಲ (ಗೈಡ್ ಎಂದರೆ ಇವನ್ನು ನಾಳದ ಬಾಯಿಯವರೆಗೆ ಒಯ್ಯುವ ನಳಿಕೆ, ಫ್ರೆಂಚ್ ಅದರ ಅಗಲದ ಅಳತೆ). ಬಲೂನ್ ತೆಗೆದು ಸ್ಟೆಂಟ್ ಒಯ್ಯುವಷ್ಟರಲ್ಲಿ ರಕ್ತ ಹೃದಯದ ಸುತ್ತಲಿನ ಚೀಲಕ್ಕೆ ಸುರಿಯುತ್ತದೆ. ಹಾಗಾಗಿ ಇನ್ನೊಂದು ಕಡೆಯಿಂದ ಎರಡನೇ ಗೈಡ್ ತಂದು, ಬಲೂನನ್ನು ಕ್ಷಣ ಮಾತ್ರ ಇಳಿಸಿ ಹೊಸ ವೈರ್ ದಾಟಿಸಿ, ಮತ್ತೆ ಉಬ್ಬಿಸಿ, ಸ್ಟೆಂಟ್ ಹತ್ತಿರ ಬಂದಾಗ ಬಲೂನ್ ಇಳಿಸಿ ಹಿಂದಕ್ಕೆಳೆಯುತ್ತಾರೆ. ಪಪೈರಸ್ 4.0 ಮಿ.ಮೀ.ವರೆಗೆ 5 ಫ್ರೆಂಚ್‌ನಲ್ಲೂ ಹೋಗುತ್ತದೆ. ಗ್ರಾಫ್ಟ್‌ಮಾಸ್ಟರ್‌ಗೆ 4.0ವರೆಗೆ 6 ಫ್ರೆಂಚ್, ಅದಕ್ಕೂ ದೊಡ್ಡದಕ್ಕೆ 7 ಬೇಕು. ಸುಣ್ಣಗಟ್ಟಿದ, ಅಂಕುಡೊಂಕು ನಾಳದಲ್ಲಿ ದಪ್ಪ ಸ್ಟೆಂಟ್ ಅರ್ಧದಾರಿಯಲ್ಲೇ ಸಿಕ್ಕಿಕೊಳ್ಳುತ್ತದೆ, ಗೈಡನ್ನು ನಾಳದೊಳಗೆ ಇನ್ನಷ್ಟು ಮುಂದಕ್ಕೆ ಚಾಚುವ ಗೈಡ್ ಎಕ್ಸ್‌ಟೆನ್ಶನ್ ಕೈಗೆಟುಕುವಂತಿರಲಿ. ಅಗಲದಲ್ಲಿ 2.5ರಿಂದ 4.0 ಮಿ.ಮೀ.ವರೆಗೆ ಪ್ರತಿಯೊಂದೂ, 15 ಮತ್ತು 20 ಮಿ.ಮೀ. ಉದ್ದದಲ್ಲಿ, ಕನಿಷ್ಠ ಒಂದೊಂದು ಇದ್ದರೆ ಕೆಲಸ ನಡೆಯುತ್ತದೆ. ವಾಯಿದೆ ಮುಗಿದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಅಪರೂಪಕ್ಕೆ ಬಳಸುವ ವಸ್ತು ಕಪಾಟಿನಲ್ಲೇ ಹಳತಾಗಿಬಿಡುತ್ತದೆ.

ಸ್ಟೆಂಟ್ ಕೂರಿಸುವಾಗ ಒತ್ತಡ ಕಡಿಮೆಯಾದರೆ ಅಂಚಿನಿಂದ ಸೋರುತ್ತದೆ, ಹೆಪ್ಪುಗಟ್ಟುವುದೂ ಅಲ್ಲೇ. ನಾಳದೊಳಗಿನ ಅಲ್ಟ್ರಾಸೌಂಡ್ ಇದ್ದರೆ ಸರಿಯಾಗಿ ಅರಳಿದೆಯೇ ನೋಡಿ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪಾರಿನ್‌ನ ಪ್ರಭಾವ ಅಳಿಸುವ ಪ್ರೋಟಮಿನ್ (100 ಯೂನಿಟ್ ಹೆಪಾರಿನ್‌ಗೆ ಸುಮಾರು 1 ಮಿ.ಗ್ರಾಂ.) ಅವಸರದಲ್ಲಿ ಕೊಡಬಾರದು; ವೈರ್, ಬಲೂನ್ ನಾಳದೊಳಗಿರುವಾಗ ಕೊಟ್ಟರೆ ನಾಳವೇ ಕಟ್ಟಿಕೊಳ್ಳಬಹುದು. ಹೆಪ್ಪು ತಡೆಯುವ ಟೈರೋಫಿಬಾನ್ ಔಷಧಿಯ ಹನಿ ಓಡುತ್ತಿದ್ದರೆ ತಕ್ಷಣ ನಿಲ್ಲಿಸಿ. ಜತೆಗೇ ಎಕೋ ಯಂತ್ರ ಮತ್ತು ಚೀಲದ ರಕ್ತ ಹೀರುವ ಪಿಗ್‌ಟೇಲ್ ನಳಿಕೆ ಸಿದ್ಧವಿರಲಿ. ರಭಸದಿಂದ ತುಂಬುವಾಗ 100–200 ಮಿ.ಲೀ. ರಕ್ತವೇ ಬಿ.ಪಿ. ಕುಸಿಯಲು ಸಾಕು.

ವೈರಿನ ತುದಿ ಚುಚ್ಚಿ ನಾಳದ ಕಟ್ಟಕಡೆಯ ಎಳೆ ಸೋರಿದರೆ ಕವರ್ಡ್ ಸ್ಟೆಂಟ್ ಅಲ್ಲಿಗೆ ತಲುಪುವುದೇ ಇಲ್ಲ. ಅದಕ್ಕೆ ಕಾಯಿಲ್ (ಸುರುಳಿ ತಂತಿ) ಅಥವಾ ರೋಗಿಯದೇ ಕೊಬ್ಬಿನ ಸಣ್ಣ ತುಣುಕನ್ನು ಮೈಕ್ರೋಕ್ಯಾತಿಟರ್ ಎಂಬ ಅತಿ ತೆಳು ನಳಿಕೆಯ ಮೂಲಕ ಬಿಟ್ಟು ಆ ಎಳೆಯನ್ನು ಮುಚ್ಚುತ್ತಾರೆ.

ಪ್ರಶ್ನೆ: ನಾಳ ತೂತಾದರೆ ಅದು ಡಾಕ್ಟರ ತಪ್ಪಲ್ಲವೇ?
– ಓದುಗರು, ಸಿಂಧನೂರು

ಯಾವಾಗಲೂ ಅಲ್ಲ. 1994ರಲ್ಲಿ ಸ್ಟೀಫನ್ ಎಲ್ಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕದಲ್ಲಿ 12,900 ಚಿಕಿತ್ಸೆಗಳಲ್ಲಿ 62 ಕಡೆ ತೂತು ಬಿದ್ದಿತ್ತು, ಸುಮಾರು ಶೇ. 0.5. ರಕ್ತ ಧಾರೆಯಾಗಿ ಹೊರಚಿಮ್ಮಿದ, ಅಂದರೆ ತೀವ್ರವಾದ ಮೂರನೇ ದರ್ಜೆಯ ತೂತು ಬಿದ್ದವರಲ್ಲಿ ಶೇ. 63 ಮಂದಿಗೆ ಹೃದಯದ ಸುತ್ತ ರಕ್ತ ತುಂಬಿ ಒತ್ತಿತು, ಶೇ. 19 ಮಂದಿ ತೀರಿಕೊಂಡರು. ಸುಣ್ಣಗಟ್ಟಿದ ನಾಳ, ಪೂರ್ತಿ ಮುಚ್ಚಿದ ಹಳೆಯ ಬ್ಲಾಕ್, ಇಳಿವಯಸ್ಸು ಇದ್ದರೆ ಅಪಾಯ ಹೆಚ್ಚು. ನಾಳಕ್ಕಿಂತ ದೊಡ್ಡ ಬಲೂನ್ ಉಬ್ಬಿಸಿದ್ದರೆ ಪ್ರಶ್ನಿಸುವುದು ನ್ಯಾಯವೇ. ನಾನಾದರೆ ಮೊದಲು ಕೇಳುವುದು ಇದನ್ನು: ಸ್ಟೆಂಟ್ ಹಾಕಿದ ಮೇಲೆ ಎಕೋ ಎಷ್ಟು ಸಲ ಮಾಡಿದರು? ತೂತು ಮುಚ್ಚಿದಂತೆ ಕಂಡರೂ ಗಂಟೆಗಳ ನಂತರ ನಿಧಾನವಾಗಿ ರಕ್ತ ತುಂಬುವುದುಂಟು. ಮೊದಲ 24 ಗಂಟೆ ಐಸಿಯುದಲ್ಲಿಟ್ಟು ಎಕೋ ಮರಳಿ ಮರಳಿ ನೋಡಬೇಕು. ಚಡಪಡಿಕೆ, ಉಬ್ಬಸ, ಉಬ್ಬಿದ ಕುತ್ತಿಗೆಯ ನರ, ಇಳಿಯುವ ಬಿ.ಪಿ. ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ.

ಪ್ರಶ್ನೆ: ಮೂರು ತಿಂಗಳ ಹಿಂದೆ ಕವರ್ಡ್ ಸ್ಟೆಂಟ್ ಹಾಕಿದ್ದಾರೆ. ಹಲ್ಲು ಕೀಳಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ ಐದು ದಿನ ಬಿಡಲೇ?
– ಓದುಗರು, ರಾಯಚೂರು

ಬಿಡಬೇಡಿ. ಒಂದು ಹಲ್ಲು ಕೀಳುವಾಗ ಬರುವ ರಕ್ತವನ್ನು ಹತ್ತಿಯುಂಡೆ ಒತ್ತಿ ಹಿಡಿದು, ಬೇಕಾದರೆ ಹೊಲಿಗೆ ಹಾಕಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಅದೇ ಹೃದಯಾಘಾತ. ಡಿಸ್ಚಾರ್ಜ್ ಕಾರ್ಡನ್ನು ದಂತವೈದ್ಯರಿಗೆ ತೋರಿಸಿ, ಹೃದ್ರೋಗ ತಜ್ಞರ ಜತೆ ಫೋನಿನಲ್ಲಿ ಮಾತನಾಡಿಸಿ. ಒಂದೇ ಸಲ ನಾಲ್ಕೈದು ಹಲ್ಲು ಕೀಳಿಸಬೇಕಿದ್ದರೆ ಬೇರೆ ಬೇರೆ ದಿನ ಮಾಡಿಸಿಕೊಳ್ಳಿ.