ಇದು ಬಿ.ಎಡ್ ರೆಕಾರ್ಡ್ ಅಲ್ಲ, ತಂಗಿ

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ಏಕವಚನದಲ್ಲೇ ಬರೆಯುತ್ತೇನೆ. ಸಾಗರದಿಂದ ಮೆಲ್ಬರ್ನ್‌ಗೆ ಟೀಚರ್ ಕೋರ್ಸಿಗೆ ಬಂದಿದ್ದೀಯ, ಇ-ಪೋರ್ಟ್‌ಫೋಲಿಯೊ ಅಂದರೆ ನಮ್ಮ ಬಿ.ಎಡ್ ರೆಕಾರ್ಡನ್ನೇ ಕಂಪ್ಯೂಟರಿಗೆ ಹಾಕೋದು ತಾನೆ ಅಂತ ಕೇಳಿದ್ದೀಯ. ಅಲ್ಲ, ಅದು ನೀನು ಕಲಿಸಿದ್ದಕ್ಕೆ ಸಾಕ್ಷಿಗಳನ್ನು ಆನ್‌ಲೈನಿನಲ್ಲಿ ಜೋಡಿಸಿಡುವ ಕಡತ. ನಾನೂ ಹಾಗೇ ಅಂದುಕೊಂಡು ಪೆಟ್ಟು ತಿಂದವಳು.

ಶಿವಮೊಗ್ಗದಲ್ಲಿ ಪಾಠಯೋಜನೆ ಬರೆದು, ಬೈಂಡ್ ಹಾಕಿಸಿ, ಸಹಿ ಮಾಡಿಸಿದರೆ ಮುಗಿಯಿತು. ತೀರ್ಥಹಳ್ಳಿ ಮನೆಯಲ್ಲಿ ಆಷಾಢದ ಮಳೆಗೆ ನನ್ನ ರೆಕಾರ್ಡಿಗೆ ಬೂಷ್ಟು ಹಿಡಿದು, ಅಮ್ಮ ಅದನ್ನು ಬಚ್ಚಲೊಲೆ ಹತ್ತಿರ ಒಣಗಲು ಇಟ್ಟಿದ್ದರು. ಅಕ್ಷರವೇನೋ ಮುದ್ದಾಗಿತ್ತು. ಆದರೆ ಅದರಲ್ಲಿ ಒಂದು ಪಾಠವೂ ಕೆಟ್ಟಿರಲಿಲ್ಲ, ಯಾಕೆಂದರೆ ಮಕ್ಕಳು ಕೊಡುವ ಉತ್ತರವನ್ನೂ ನಾವೇ ಹಿಂದಿನ ರಾತ್ರಿ ಬರೆದಿಟ್ಟಿರುತ್ತಿದ್ದೆವು!

ಇಲ್ಲಿ ಆಸ್ಟ್ರೇಲಿಯಾದಲ್ಲಿ ಶಿಕ್ಷಕರಿಗೆ 7 ಮಾನದಂಡ, ಅವುಗಳೊಳಗೆ 37 ಅಂಶ. ಕೋರ್ಸ್ ಮುಗಿಯುವಾಗ 'ಗ್ರಾಜುಯೇಟ್' ಹಂತ (ಹೊಸ ಶಿಕ್ಷಕರ ಮೊದಲ ಹಂತ) ಮುಟ್ಟಿದ್ದೀಯ ಅಂತ ಸಾಕ್ಷಿ ಸಮೇತ ತೋರಿಸಬೇಕು. ನಾನು ಮೊದಲ ಸಲ ಸರ್ಟಿಫಿಕೇಟು, ಪಿಪಿಟಿ, ಚಾರ್ಟಿನ ಫೋಟೊ ಅಂತ ಸಿಕ್ಕಿದ್ದೆಲ್ಲ ತುರುಕಿದ್ದೆ. ಕೋರ್ಸಿನ ಮೇಡಂ ಒಂದೇ ಸಾಲು ಬರೆದು ವಾಪಸ್ ಕಳಿಸಿದರು: "ಸರಿ, ಇದರಿಂದ ಮಗು ಏನು ಕಲಿಯಿತು?"

ಆಮೇಲೆ ನಾನು ಹಾಕಿದ್ದು ಕೆಟ್ಟುಹೋದ ಒಂದು ಪಾಠ. ಭಿನ್ನರಾಶಿ. ಒಬ್ಬ ಹುಡುಗ 1/4ಕ್ಕಿಂತ 1/8 ದೊಡ್ಡದು ಅಂತ ಬರೆದಿದ್ದ, ನಾಲ್ಕಕ್ಕಿಂತ ಎಂಟು ದೊಡ್ಡದಲ್ವಾ! ಹೆಸರು ಮುಚ್ಚಿದ ಆ ಹಾಳೆ, ಮರುದಿನ ಕಾಗದದ ಪಟ್ಟಿ ಮಡಿಸಿ ಮಾಡಿದ ಹೊಸ ಪಾಠದ ಯೋಜನೆ, ಆಮೇಲೆ ಅವನು ಬರೆದ ಉತ್ತರ, ಈ ಮೂರನ್ನೂ ಒಟ್ಟಿಗಿಟ್ಟು ಯಾಕೆ ಬದಲಾಯಿಸಿದೆ ಅಂತ ಹತ್ತು ಸಾಲು ಬರೆದೆ. 5ನೇ ಮಾನದಂಡಕ್ಕೆ, ಅಂದರೆ ಮಕ್ಕಳ ಕಲಿಕೆಯನ್ನು ಅಳೆದು ನೋಡುವುದಕ್ಕೆ, ಅಷ್ಟೇ ಸಾಕಾಯಿತು. ಊರಿನ ಅಭ್ಯಾಸಕ್ಕೆ ತಪ್ಪು ತೋರಿಸಿಕೊಳ್ಳಲು ನಾಚಿಕೆಯಾಗುತ್ತದೆ, ನಿಜ. ಇಲ್ಲಿ ತಪ್ಪೇ ಇಲ್ಲದಿದ್ದರೆ ನಂಬುವುದು ಕಷ್ಟ.

ಮಕ್ಕಳ ಮುಖ ಇರುವ ಫೋಟೊ ಮಾತ್ರ ಶಾಲೆಯ ಮತ್ತು ಅಪ್ಪ-ಅಮ್ಮನ ಒಪ್ಪಿಗೆ ಇಲ್ಲದೆ ಹಾಕಲೇಬೇಡ. ವಾಟ್ಸಾಪ್ ಸ್ಟೇಟಸ್ಸಿಗಂತೂ ಬೇಡವೇ ಬೇಡ.

ಇನ್ನೊಂದು, ಕೋರ್ಸ್ ಮುಗಿದ ಮೇಲೆ ನನ್ನ ಇ-ಪೋರ್ಟ್‌ಫೋಲಿಯೊದ ಲಾಗಿನ್ ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತೇಹೋಯಿತು, ಅರ್ಧ ಕೆಲಸ ಹೋಯಿತು. ವಿಕ್ಟೋರಿಯಾದಲ್ಲಿ ಹೊಸ ಶಿಕ್ಷಕರಿಗೆ ಮೊದಲು ಸಿಗುವುದು ತಾತ್ಕಾಲಿಕ ನೋಂದಣಿ. ಪೂರ್ಣ ನೋಂದಣಿಗೆ ಮತ್ತೆ ಸಾಕ್ಷಿ ಕೂಡಿಸುವಾಗ ಹಳೆಯದನ್ನು ನೋಡಿಕೊಂಡೇ ಬರೆಯಬೇಕು ಅನ್ನಿಸುತ್ತದೆ. ನಿಮ್ಮಲ್ಲಿ ಮಹಾರಾ ಇದ್ದರೆ (ನ್ಯೂಜಿಲೆಂಡಿನ ಇ-ಪೋರ್ಟ್‌ಫೋಲಿಯೊ ಸಾಫ್ಟ್‌ವೇರ್, ಮಹಾರಾಜನಿಗೂ ಅದಕ್ಕೂ ಸಂಬಂಧವಿಲ್ಲ) ಎಕ್ಸ್‌ಪೋರ್ಟ್ ಇದೆ, ಪ್ರತಿ ಟರ್ಮ್ ಮುಗಿದಾಗ ಒಂದು ಕಾಪಿ ನಿನ್ನ ಲ್ಯಾಪ್‌ಟಾಪಿಗೆ ಇಳಿಸಿಕೋ.