ಸೈಕಲ್ ಪ್ರಶ್ನೋತ್ತರ: ಗರಸು, ಮುಳ್ಳು, ಕೆಸರಿಗೆ ಯಾವ ಟೈರು?

ಪ್ರಶ್ನೆ: ನನ್ನದು 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲದ ಸೈಕಲ್). ಸೈಕಲ್ ಜೊತೆ ಬಂದ 2.1 ಇಂಚು ಅಗಲದ ಟೈರು ಸವೆದಿದೆ. ಹೊಳಲ್ಕೆರೆ, ಹೊಸದುರ್ಗ ಕಡೆಯ ಮಣ್ಣುದಾರಿಗಳಲ್ಲಿ ದಿನಕ್ಕೆ 100 ಕಿ.ಮೀ.ವರೆಗೆ ಓಡಿಸುತ್ತೇನೆ. ಮುಳ್ಳಿನ ಕಾಟ ವಿಪರೀತ. ಯಾವ ಟೈರು ಹಾಕಿಸಲಿ?
— ಓದುಗರು, ಚಿತ್ರದುರ್ಗ

ಉತ್ತರ: ಅಂಗಡಿಯಲ್ಲಿ ದೊಡ್ಡ ದೊಡ್ಡ ಹಲ್ಲಿನ ಟೈರಿನ ಮೇಲೇ ಮೊದಲು ಕಣ್ಣು ಬೀಳುತ್ತದೆ. ನಿಮ್ಮ ದಾರಿಗೆ ಅದು ಬೇಡ. ಕೆಳಗೆ ಗಟ್ಟಿ ನೆಲ, ಮೇಲೆ ಸಡಿಲ ಗರಸು ಇರುವಲ್ಲಿ ಎತ್ತರದ ಹಲ್ಲು ನೆಲಕ್ಕೆ ಇಳಿಯುವುದಿಲ್ಲ, ಬರೀ ಬಾಗುತ್ತದೆ. ಬಾಗಿದಷ್ಟೂ ತುಳಿದ ಶಕ್ತಿ ಪೋಲು, ತಿರುವಿನಲ್ಲಿ ಜಾರುವ ಭಯ ಬೇರೆ. ನಡುವೆ ತಗ್ಗಾದ ಒತ್ತು ಹಲ್ಲು, ಅಂಚಿನಲ್ಲಿ ಸ್ವಲ್ಪ ಎತ್ತರದ ಹಲ್ಲು ಇರುವುದನ್ನು ಆರಿಸಿ. ವಿಟೋರಿಯಾ ಮೆಜ್‌ಕಲ್, ಮ್ಯಾಕ್ಸಿಸ್ ಐಕಾನ್ ಈ ಜಾತಿಯವು. ಮುಂದಿನ ಚಕ್ರಕ್ಕೆ ಇದಕ್ಕಿಂತ ತುಸು ಒರಟಾದದ್ದು ಇರಲಿ. ಹಿಂದಿನ ಟೈರು ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಬಿದ್ದಂತೆಯೇ.

ಅಗಲ 2.25ರಿಂದ 2.35. ಕೊಳ್ಳುವ ಮೊದಲು ಹಿಂದಿನ ಫ್ರೇಮ್ ಅಳೆಯಿರಿ. ಟೈರಿನ ಎರಡೂ ಬದಿಗೆ ಕನಿಷ್ಠ 6 ಮಿ.ಮೀ. ಜಾಗ ಉಳಿಯಬೇಕು. 2.35 ಎಂದರೆ ಸುಮಾರು 60 ಮಿ.ಮೀ.

ಇನ್ನು ಮುಳ್ಳು. ನೆಗ್ಗಿಲು ಮುಳ್ಳು ಗಿಡ್ಡ. ರಬ್ಬರು ದಪ್ಪವಿರುವ ಕಡೆ ಎಷ್ಟೋ ಸಲ ಅಲ್ಲೇ ನಿಲ್ಲುತ್ತದೆ. ಬಳ್ಳಾರಿ ಜಾಲಿಯದು ಹಾಗಲ್ಲ, ಹಗುರವಾಗಿ ಉರುಳುವ ಯಾವ ಟೈರನ್ನೂ ದಾಟಿ ಒಳಗೆ ಬರುತ್ತದೆ. ಅದನ್ನು ತಡೆಯಲು ಹೋಗಬೇಡಿ, ಬಿದ್ದ ತೂತು ತಾನೇ ಮುಚ್ಚಿಕೊಳ್ಳುವಂತೆ ಮಾಡಿ: ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬಿನ ಬದಲು ತೂತು ಮುಚ್ಚುವ ದ್ರವ (ಸೀಲಂಟ್) ಇರುವ ಟೈರು. ರಿಮ್ಮು, ಟೈರು ಎರಡರ ಮೇಲೂ ‘ಟ್ಯೂಬ್‌ಲೆಸ್ ರೆಡಿ’ ಎಂದು ಇರಲೇಬೇಕು. ಕಡಿಮೆ ಬೆಲೆಯ ತಂತಿ ಅಂಚಿನ ಟೈರುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ರಿಮ್ಮಿನ ಒಳಭಾಗವನ್ನು ಸ್ಪಿರಿಟ್‌ನಿಂದ ಒರೆಸಿ, ಒಳ ಅಗಲಕ್ಕಿಂತ 2–3 ಮಿ.ಮೀ. ಹೆಚ್ಚು ಅಗಲದ ಟ್ಯೂಬ್‌ಲೆಸ್ ಟೇಪನ್ನು ಎಳೆದು ಸುತ್ತಿ. ಗುಳ್ಳೆ ಉಳಿದರೆ ಗಾಳಿ ಅಲ್ಲಿಂದಲೇ ಸೋರುತ್ತದೆ. ವಾಲ್ವ್ ಕೂರಿಸಿ, ಟೈರಿನ ಅಂಚಿಗೆ ಸೋಪು ನೀರು ಸವರಿ, ವಾಲ್ವಿನ ಕೋರ್ (ಒಳಗಿನ ಬಿಚ್ಚುವ ಭಾಗ) ತೆಗೆದು ರಭಸದಿಂದ ಗಾಳಿ ತುಂಬಿ. ಎರಡೂ ಬದಿ ‘ಟಪ್’ ಎಂದು ಕೂರುತ್ತವೆ. ಟೈರು, ರಿಮ್ಮಿನ ಮೇಲೆ ಬರೆದ ಗರಿಷ್ಠ ಮಿತಿ ಮಾತ್ರ ದಾಟಬಾರದು. ಗಾಳಿ ಬಿಟ್ಟು, ವಾಲ್ವಿನಿಂದಲೇ 100–120 ಮಿ.ಲೀ. ಸೀಲಂಟ್ ಹಾಕಿ, ಕೋರ್ ಬಿಗಿದು ಮತ್ತೆ ಗಾಳಿ ತುಂಬಿ. ಚಕ್ರವನ್ನು ಒಂದೊಂದು ಮಗ್ಗುಲಿಗೂ ಸ್ವಲ್ಪ ಹೊತ್ತು ಮಲಗಿಸಿಡಿ. ನಿಮ್ಮ ಕಡೆಯ ಬೇಸಿಗೆಗೆ ಸೀಲಂಟ್ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ನೋಡಿ.

ಟ್ಯೂಬ್‌ಲೆಸ್ ಆದರೂ ಚೀಲದಲ್ಲಿ ಒಂದು ಟ್ಯೂಬು ಬೇಕು. ಹಾಕುವ ಮುನ್ನ ಟೈರಿನ ಒಳಗೆಲ್ಲ ಬೆರಳಾಡಿಸಿ, ಮೆಲ್ಲಗೆ. ಸೀಲಂಟ್ ಮುಚ್ಚಿಹಾಕಿದ್ದ ಹಳೆಯ ಮುಳ್ಳುಗಳು ಅಲ್ಲೇ ಮೊನೆ ಚಾಚಿಕೊಂಡಿರುತ್ತವೆ. ಒಂದೊಂದನ್ನೂ ಚಿಮಟದಿಂದ ಕೀಳದಿದ್ದರೆ ಹೊಸ ಟ್ಯೂಬು ಹತ್ತು ಸುತ್ತು ಬಾಳುವುದಿಲ್ಲ. ಟೈರಿನ ಪಕ್ಕೆ ಹರಿದರೆ ಸೀಲಂಟ್ ಸಾಲದು. ಹಳೆ ಟೈರಿನಿಂದ ಕತ್ತರಿಸಿದ ಅಂಗೈ ಅಗಲದ ತುಂಡನ್ನು ಒಳಗಿಟ್ಟು, ಮೇಲೆ ಟ್ಯೂಬು ಹಾಕಿ ಮನೆ ಸೇರಬಹುದು.

ಪ್ರಶ್ನೆ: ನನ್ನ ತೂಕ 75 ಕೆ.ಜಿ. ಟೈರಿನ ಮೇಲೆ 65 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದಿದೆ. ಅಷ್ಟು ತುಂಬಿದರೆ ಕಲ್ಲುದಾರಿಯಲ್ಲಿ ಕೈ ಜೋಮು ಹಿಡಿಯುತ್ತದೆ.
— ಓದುಗರು, ತುಮಕೂರು

ಉತ್ತರ: ಅದು ಗರಿಷ್ಠ ಮಿತಿ, ಸಲಹೆಯಲ್ಲ. 2.25 ಟೈರಿಗೆ, ಟ್ಯೂಬು ಇದ್ದರೆ ಹಿಂದೆ 30, ಮುಂದೆ 27ರಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ 25, 22. ಒಂದೊಂದೇ ಪಿಎಸ್‌ಐ ಇಳಿಸುತ್ತಾ ಬನ್ನಿ. ರಿಮ್ಮು ಕಲ್ಲಿಗೆ ಬಡಿದ ಸದ್ದು ಕೇಳಿದರೆ, ತಿರುವಿನಲ್ಲಿ ಟೈರು ಹೊಯ್ದಾಡಿದರೆ, ಎರಡು ಏರಿಸಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಲ್ಲ. ಗಾಳಿ ಕಡಿಮೆಯಾಗಿ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿದ ಗುರುತು. ಪೆಟ್ರೋಲ್ ಬಂಕಿನ ಮೀಟರನ್ನು ಇಷ್ಟು ಸಣ್ಣ ವ್ಯತ್ಯಾಸಕ್ಕೆ ನಂಬಬೇಡಿ. ಒಂದು ಡಿಜಿಟಲ್ ಗೇಜ್ ಕೊಂಡರೆ ದುಬಾರಿ ಟೈರಿಗಿಂತ ಹೆಚ್ಚು ಸುಖ ಸಿಗುತ್ತದೆ.

ಪ್ರಶ್ನೆ: ಮಳೆಗಾಲಕ್ಕೆ ಬೇರೆ ಟೈರು ಬೇಕೇ?
— ಓದುಗರು, ಸಕಲೇಶಪುರ

ಉತ್ತರ: ಕಾಫಿ ತೋಟದ ಕೆಂಪು ಕೆಸರಿಗೆ ಬೇಕು. ಹಲ್ಲುಗಳ ನಡುವೆ ಜಾಗ ಹೆಚ್ಚಿದ್ದರೆ ಮಣ್ಣು ತಾನೇ ಸಿಡಿದುಹೋಗುತ್ತದೆ. ಒತ್ತು ಹಲ್ಲಿನ ಟೈರು ಮೆತ್ತಿಕೊಂಡು ನುಣ್ಣಗಾಗಿಬಿಡುತ್ತದೆ. ಫ್ರೇಮಿನಲ್ಲಿ ಜಾಗ ಕಡಿಮೆಯಿದ್ದರೆ ಹಿಂದೆ 2.1ಕ್ಕೆ ಇಳಿಯಿರಿ. ಪಾಚಿಗಟ್ಟಿದ ಬಂಡೆ, ಒದ್ದೆ ಬೇರುಗಳ ಮೇಲೆ ಹಲ್ಲಿಗಿಂತ ಮೆದು ರಬ್ಬರು ಮುಖ್ಯ, ಅದು ಮುಂದಿನ ಚಕ್ರಕ್ಕಿರಲಿ. ಹಿಂದೆ ಹಾಕಿದರೆ ಬೇಗ ಸವೆಯುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಾತ್ರ ಬೇರೆಯೇ. ಅದು ನೆನೆದಾಗ ಯಾವ ಟೈರೂ ನಡೆಯದು, ಡಾಂಬರು ದಾರಿ ಹಿಡಿಯುವುದೇ ವಾಸಿ.

ಪ್ರಶ್ನೆ: ಹಳೆಯ 26 ಇಂಚಿನ ಸೈಕಲ್ಲಿಗೆ 27.5ರ ಟೈರು ಹಿಡಿಸೀತೇ?
— ಓದುಗರು, ದಾವಣಗೆರೆ

ಉತ್ತರ: ಇಲ್ಲ. ಪಕ್ಕೆಯ ಮೇಲಿನ ಮಿ.ಮೀ. ಅಂಕಿ ನೋಡಿ: 26ಕ್ಕೆ 559, 27.5ಕ್ಕೆ 584, 29ಕ್ಕೆ 622. ರಿಮ್ಮಿನದೂ ಟೈರಿನದೂ ಒಂದೇ ಅಂಕಿ ಇರಬೇಕು. 57-559 ಎಂದು ಕೇಳಿ, ಅದು ಸುಮಾರು 2.25 ಅಗಲದ 26ರ ಟೈರು.